ಪ್ರಯಾಣವಿಘ್ನವೂ ಕೋಪದ ನ್ಯಾಯವೂ

ಮೈಸೂರಿನವರಿಗೆ ವಿಮಾನಪ್ರಯಾಣವು ವಿಮಾನದಲ್ಲಿ ಆರಂಭವಾಗುವುದಿಲ್ಲ. ನಡುರಾತ್ರಿಯ ಬಸ್ಸಿನಲ್ಲಿ ಆರಂಭವಾಗುತ್ತದೆ. ಮಂಡಕಳ್ಳಿಯಲ್ಲಿ ನಮಗೂ ಒಂದು ವಿಮಾನ ನಿಲ್ದಾಣ ಉಂಟು. ಅದು 2010ರ ಮೇ ತಿಂಗಳಲ್ಲಿ ನವೀಕೃತವಾಗಿ ತೆರೆಯಿತು. ಆದರೆ ಅದರ ರನ್‌ವೇ ಸುಮಾರು 1,740 ಮೀಟರುಗಳಷ್ಟೇ ಉದ್ದವಿರುವುದರಿಂದ ಚಿಕ್ಕ ವಿಮಾನಗಳು ಮಾತ್ರ ಅಲ್ಲಿ ಬಂದುಹೋಗಬಲ್ಲವು. ಅವುಗಳ ಸಂಚಾರವೂ ಹಲವು ಬಾರಿ ಆರಂಭವಾಗಿ ಹಲವು ಬಾರಿ ನಿಂತುಹೋದುದನ್ನು ನಾವು ನೋಡಿದ್ದೇವೆ. ಆದಕಾರಣ ದೂರದ ಊರಿಗೆ ಹೋಗತಕ್ಕವನು ದೇವನಹಳ್ಳಿಯ ದಾರಿಯನ್ನೇ ಹಿಡಿಯಬೇಕು. ಬೆಳಗಿನ ವಿಮಾನಕ್ಕೆ ಹಿಂದಿನ ರಾತ್ರಿಯೇ ಮನೆ ಬಿಟ್ಟು, ಮಂಡ್ಯ, ಮದ್ದೂರು, ರಾಮನಗರಗಳನ್ನು ನಿದ್ದೆಗಣ್ಣಿನಲ್ಲಿ ದಾಟಿ, ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ಹಾದು ನಿಲ್ದಾಣದ ಬಾಗಿಲಲ್ಲಿ ನಿಂತಾಗ, ಗೋಡೆಯ ಮೇಲಿನ ಹಲಗೆಯು "ವಿಳಂಬ" ಎಂದು ಕೆಂಪಕ್ಷರದಲ್ಲಿ ತೋರಿಸಿದರೆ ಮನುಷ್ಯನ ಮನಸ್ಸು ಏನಾಗುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಇದು ಇಂದಿನ ಗೃಹಸ್ಥರಲ್ಲಿ ಬಹುಮಂದಿಗೆ ಒಂದಲ್ಲ ಒಂದು ದಿನ ಒದಗುವ ಸಂಕಟ. ಇದನ್ನು ಸಹಿಸುವ ಉಪಾಯಗಳನ್ನು ಹೇಳತಕ್ಕವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಇಲ್ಲಿ ವಿಚಾರ ಮಾಡಬೇಕೆಂದಿರುವುದು ಉಪಾಯವನ್ನಲ್ಲ, ನ್ಯಾಯವನ್ನು. ನಮ್ಮ ಪ್ರಯಾಣವು ಮುರಿದಾಗ ನಮಗೆ ಬರುವ ಕೋಪವು ನ್ಯಾಯವಾದದ್ದೆ? ನ್ಯಾಯವಾದದ್ದಾದರೆ ಅದು ಯಾರಿಗೆ ಸಲ್ಲಬೇಕು? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡವನಲ್ಲ. ಅದು ನನ್ನನ್ನು ಕೆಲವು ವರ್ಷಗಳಿಂದ ಬಿಡದೆ ಹಿಂಬಾಲಿಸಿಕೊಂಡು ಬಂದಿದೆ.

ನನ್ನ ಅಕ್ಕ ದೆಹಲಿಯಲ್ಲಿ ಮಗನ ಮನೆಯಲ್ಲಿದ್ದಳು. ಒಂದು ಡಿಸೆಂಬರ್ ತಿಂಗಳ ರಾತ್ರಿ ಸೋದರಳಿಯನಿಂದ ಫೋನು ಬಂದಿತು: "ಮಾವ, ಅಮ್ಮನಿಗೆ ಪ್ರಜ್ಞೆ ಇದೆ, ನಿಮ್ಮನ್ನೇ ಕೇಳುತ್ತಿದ್ದಾಳೆ, ಆದಷ್ಟು ಬೇಗ ಹೊರಟುಬನ್ನಿ." ನಾನು ಆ ರಾತ್ರಿಯೇ ಹೊರಟೆ. ಬೆಳಗಿನ ಏಳು ಗಂಟೆಗೆ ಹೊರಡಬೇಕಾಗಿದ್ದ ವಿಮಾನವು ಒಂಬತ್ತಕ್ಕೆಂದರು; ಆಮೇಲೆ ಹನ್ನೊಂದೂವರೆಗೆಂದರು; ಆಮೇಲೆ ಸ್ವಲ್ಪ ಹೊತ್ತು ಏನನ್ನೂ ಹೇಳಲಿಲ್ಲ. ದೆಹಲಿಯಲ್ಲಿ ಮಂಜು ಕವಿದು, ಅಲ್ಲಿಂದ ಬರಬೇಕಾಗಿದ್ದ ವಿಮಾನವೇ ಹೊರಟಿರಲಿಲ್ಲ. ಕೊನೆಗೆ ಮಧ್ಯಾಹ್ನ ವಿಮಾನ ಬಂದು ನಿಂತಿತು. ಗಾಜಿನಾಚೆ ಅದನ್ನು ಕಣ್ಣಾರೆ ನೋಡುತ್ತಿದ್ದೆವು. ಆಗ ಪ್ರಯಾಣ ರದ್ದಾಯಿತೆಂದು ತಿಳಿಸಿದರು.

ಕೌಂಟರಿನಲ್ಲಿದ್ದವಳು ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗಿ. "ವಿಮಾನ ಇದೆಯಲ್ಲ, ಏಕೆ ಹೋಗುವುದಿಲ್ಲ?" ಎಂದು ಕೇಳಿದೆ. "ಪೈಲಟ್‌ಗಳ ಡ್ಯೂಟಿ ಅವಧಿ ಮುಗಿದಿದೆ ಸಾರ್, ಅವರು ಇನ್ನು ಹಾರಿಸುವ ಹಾಗಿಲ್ಲ. ಬೇರೆಯವರು ಸಿಕ್ಕಲಿಲ್ಲ" ಎಂದಳು. ನನಗೆ ಆ ಕ್ಷಣದಲ್ಲಿ ಮೈಯೆಲ್ಲ ಉರಿಯಿತು. ಒಬ್ಬನ ನಿದ್ದೆಗಾಗಿ ನೂರೆಂಬತ್ತು ಮಂದಿಯ ಕಾರ್ಯ ಕೆಡಬೇಕೆ ಎಂದು ಕೂಗಿದೆ. ಇನ್ನೂ ಕೆಲವು ಮಾತುಗಳನ್ನಾಡಿದೆ. ಅವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ತಲೆ ತಗ್ಗಿಸಿ ಕೇಳಿ, "ತಮ್ಮದು ಏನು ತುರ್ತು ಸಾರ್?" ಎಂದು ಮೆಲ್ಲಗೆ ಕೇಳಿದಳು. "ಅದೆಲ್ಲ ನಿನಗೇಕೆ?" ಎಂದುಬಿಟ್ಟೆ.

ಸಂಜೆಯ ಬೇರೊಂದು ವಿಮಾನದಲ್ಲಿ ಎರಡು ಸ್ಥಳಗಳು ಉಳಿದಿದ್ದವು. ಸಾಲಿನಲ್ಲಿ ನನಗಿಂತ ಮುಂದಿದ್ದ ಇಬ್ಬರಿಗೆ ಅವು ಸಂದವು. ನಾನು ಮರುದಿನ ಹೊರಟೆ. ಅಕ್ಕ ಆ ರಾತ್ರಿಯೇ ತೀರಿಕೊಂಡಿದ್ದಳು. ದಹನಕ್ಕೆ ನನಗಾಗಿ ಕಾದಿದ್ದರು. ಆದರೆ ಮಾತಿಗೆ ಕಾಯುವುದು ಯಾರ ಕೈಯಲ್ಲಿಯೂ ಇರಲಿಲ್ಲ.

ಬಹುಕಾಲ ನಾನು ಈ ಕಥೆಯನ್ನು ಬಂಧುಗಳಲ್ಲಿ ಹೇಳುವಾಗ ವಿಮಾನದವರ ಅನ್ಯಾಯವೆಂದೇ ಹೇಳುತ್ತಿದ್ದೆ. ಕೇಳಿದವರೆಲ್ಲರೂ ಹೌದೆಂದರು. ಆದರೆ ಎಲ್ಲರೂ ಹೌದೆಂದ ಮಾತ್ರಕ್ಕೆ ಒಂದು ಮಾತು ಸತ್ಯವಾಗುವುದಿಲ್ಲವಷ್ಟೆ.

ನಮ್ಮ ಅಜ್ಜಿ ತಲಕಾಡಿನ ಕಡೆಯವಳು. ಅವಳ ಕಾಲದಲ್ಲಿ ಕಾವೇರಿಯನ್ನು ಹರಿಗೋಲಿನಲ್ಲಿ ದಾಟುತ್ತಿದ್ದರು. ಆಷಾಢದಲ್ಲಿ ಹೊಳೆ ಏರಿತೆಂದರೆ ಅಂಬಿಗನು ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿಬಿಡುತ್ತಿದ್ದನಂತೆ. ಆಚೆಯ ದಡದಲ್ಲಿ ಬಾಣಂತಿಯಿರಲಿ, ಶ್ರಾದ್ಧವಿರಲಿ, ನಿಶ್ಚಿತಾರ್ಥವಿರಲಿ, ಅವನು ಹುಟ್ಟು ಮುಟ್ಟುತ್ತಿರಲಿಲ್ಲ. ಬಂದವರು ದಡದ ಮಂಟಪದಲ್ಲಿ ಬುತ್ತಿ ಬಿಚ್ಚಿಕೊಂಡು, ಇದ್ದುದನ್ನು ಹಂಚಿಕೊಂಡು, ಒಂದು ದಿನವೋ ಎರಡು ದಿನವೋ ಕಾಯುತ್ತಿದ್ದರು. ಅಂಬಿಗನನ್ನು ಯಾರೂ ಬೈಯುತ್ತಿರಲಿಲ್ಲವೆ ಎಂದು ನಾನು ಹುಡುಗನಾಗಿದ್ದಾಗ ಕೇಳಿದ್ದುಂಟು. "ಹೊಳೆ ಕಣ್ಣೆದುರಿಗೇ ಇರುತ್ತಿತ್ತಲ್ಲೋ, ಅವನನ್ನೇಕೆ ಬೈಯುವುದು?" ಎಂದು ಅವಳು ಹೇಳಿದಳು.

ಅಜ್ಜಿಯ ಆ ಉತ್ತರದಲ್ಲಿ ನಮ್ಮ ಪ್ರಶ್ನೆಯ ಅರ್ಧಭಾಗ ಅಡಗಿದೆ. ಹಿಂದಿನವರು ನಮಗಿಂತ ಹೆಚ್ಚು ಸಾತ್ವಿಕರಾಗಿದ್ದರೆಂದು ನಾನು ನಂಬುವುದಿಲ್ಲ. ಅವರಿಗೆ ತಡೆಯ ಕಾರಣವು ಕಣ್ಣಿಗೆ ಕಾಣುತ್ತಿತ್ತು. ನಮಗೆ ಕಾಣುವುದಿಲ್ಲ, ಇಷ್ಟೇ ಭೇದ. ಇಂದಿನ ಹೊಳೆ ನಮ್ಮಿಂದ ಎರಡು ಸಾವಿರ ಕಿಲೋಮೀಟರು ದೂರದಲ್ಲಿ ಉಕ್ಕುತ್ತದೆ. ಒಂದೇ ವಿಮಾನವು ಒಂದು ದಿನದಲ್ಲಿ ನಾಲ್ಕಾರು ಊರುಗಳನ್ನು ಸುತ್ತುವುದರಿಂದ, ಬೆಳಗ್ಗೆ ದೆಹಲಿಯಲ್ಲಿ ಬಿದ್ದ ಮಂಜು ಸಂಜೆ ಬೆಂಗಳೂರಿನಲ್ಲಿ ತೊಂದರೆ ಕೊಡುತ್ತದೆ. ಆಗ ಬೆಂಗಳೂರಿನ ಆಕಾಶದಲ್ಲಿ ಬಿಸಿಲು ಹೊಳೆಯುತ್ತಿರುತ್ತದೆ. ಬಿಸಿಲನ್ನು ನೋಡಿದ ಪ್ರಯಾಣಿಕನು ತನಗೆ ಸುಳ್ಳು ಹೇಳುತ್ತಿದ್ದಾರೆಂದು ತಿಳಿಯುತ್ತಾನೆ. ಕಾರಣವು ಕಾಣದೆ ಹೋದಾಗ ಕೋಪವು ಕಾಣುವ ಮುಖವನ್ನು ಹುಡುಕುತ್ತದೆ. ಕಾಣುವ ಮುಖವೆಂದರೆ ಕೌಂಟರಿನ ಹುಡುಗಿಯದು. ಆ ದಿನ ಅಲ್ಲಿ ನಡೆದುದರಲ್ಲಿ ಅತ್ಯಂತ ಕಡಿಮೆ ಅಧಿಕಾರವುಳ್ಳವಳು ಅವಳು. ಅತ್ಯಂತ ಹೆಚ್ಚು ಬೈಗಳನ್ನು ಕೇಳಿದವಳೂ ಅವಳೇ.

ಆದಕಾರಣ ಕೋಪಕ್ಕೆ ಮುಂಚೆ ಕಾರಣವನ್ನು ವಿಂಗಡಿಸಬೇಕು. ಯೋಚಿಸಿನೋಡಿದರೆ ಪ್ರಯಾಣವಿಘ್ನಕ್ಕೆ ಮೂರು ಬಗೆಯ ಕಾರಣಗಳುಂಟು. ಮೊದಲನೆಯದು ಪ್ರಕೃತಿ. ದೇವನಹಳ್ಳಿಯ ಬಯಲು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಚಳಿಗಾಲದ ತಿಳಿಯಾದ ರಾತ್ರಿಗಳಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾದಾಗ, ಅದಕ್ಕೆ ತಗುಲಿದ ಗಾಳಿಯ ತೇವವು ಹನಿಗಟ್ಟಿ ಮಂಜಾಗುತ್ತದೆ. ಸೂರ್ಯನು ಏರಿ ನೆಲ ಕಾದ ಹೊರತು ಅದು ಕರಗುವುದಿಲ್ಲ. ಇದರ ಮೇಲೆ ಕೋಪಿಸಿಕೊಳ್ಳುವುದು ಹೊಳೆಯ ಮೇಲೆ ಕೋಪಿಸಿಕೊಂಡಂತೆ. ಎರಡನೆಯದು ವಿವೇಕ. ಹಾರಬಹುದಾದರೂ ಹಾರತಕ್ಕದ್ದಲ್ಲವೆಂದು ತಿಳಿದವರು ನಿರ್ಣಯಿಸುವುದು. ಮೂರನೆಯದು ಮನುಷ್ಯನ ಅಲಕ್ಷ್ಯ ಅಥವಾ ಲೋಭ. ಮೊದಲನೆಯದಕ್ಕೆ ತಾಳ್ಮೆಯೂ, ಎರಡನೆಯದಕ್ಕೆ ಕೃತಜ್ಞತೆಯೂ, ಮೂರನೆಯದಕ್ಕೆ ಮಾತ್ರ ಕೋಪವೂ ಸಲ್ಲಬೇಕು. ಕಷ್ಟವೇನೆಂದರೆ ಕಾಯುವವನಿಗೆ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ.

ಎರಡನೆಯದರ ವಿಚಾರವಾಗಿ ಸ್ವಲ್ಪ ನಿಂತು ಹೇಳಬೇಕಾಗಿದೆ; ಏಕೆಂದರೆ ನಾನು ತಪ್ಪಿದ್ದು ಅಲ್ಲಿಯೇ. ಮಂಡಕಳ್ಳಿಯ ನಿಲ್ದಾಣ ತೆರೆದ ಅದೇ 2010ರ ಮೇ ತಿಂಗಳ 22ನೆಯ ತಾರೀಖಿನ ಬೆಳಗ್ಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವೊಂದು ಮಂಗಳೂರಿನ ಬಜಪೆಯಲ್ಲಿ ಇಳಿಯುವಾಗ ಗುಡ್ಡದ ಮೇಲಿನ ರನ್‌ವೇಯನ್ನು ಮೀರಿ ಕಣಿವೆಗೆ ಬಿದ್ದಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತರಾದರು. ಎಂಟು ಮಂದಿ ಮಾತ್ರ ಉಳಿದರು. ರಜೆಗೆಂದು, ಮದುವೆಗೆಂದು, ಕಾಯಿಲೆಯ ತಾಯಿತಂದೆಯರನ್ನು ನೋಡಲೆಂದು ಹೀಗೆ ಕೊಲ್ಲಿಯಿಂದ ಊರಿಗೆ ಬರುವವರು ಕರಾವಳಿಯ ಮನೆಮನೆಯಲ್ಲಿಯೂ ಇದ್ದಾರೆ. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯೇನೆಂದರೆ, ವಿಮಾನದ ಮುಖ್ಯ ಚಾಲಕನು ದಾರಿಯಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚುಕಾಲ ನಿದ್ದೆಮಾಡಿದ್ದನು. ಎಚ್ಚತ್ತ ಮೇಲೂ ನಿದ್ದೆಯ ಮಬ್ಬು ಅವನ ವಿವೇಚನೆಯನ್ನು ಕವಿದಿತ್ತೆಂದು ಊಹಿಸಲಾಯಿತು. ವಿಮಾನವು ಇಳಿಯತಕ್ಕ ಎತ್ತರದಲ್ಲಿರಲಿಲ್ಲ. ಇಳಿಯುವುದು ಬೇಡ, ಮತ್ತೆ ಮೇಲೇರಿ ಒಂದು ಸುತ್ತು ಸುತ್ತಿ ಬರೋಣವೆಂದು ಸಹಚಾಲಕನು ಮೂರು ಬಾರಿ ಹೇಳಿದನು. ಆ ಮಾತು ನಡೆಯಲಿಲ್ಲ.

ಒಂದು ಸುತ್ತು ಸುತ್ತಿ ಬಂದಿದ್ದರೆ ಎಷ್ಟು ಹೊತ್ತು ತಡವಾಗುತ್ತಿತ್ತು? ಕೆಲವು ನಿಮಿಷಗಳು. ಹೀಗೆ ಸುತ್ತಿಬಂದಿದ್ದರೆ ಆ ವಿಮಾನದಲ್ಲಿದ್ದವರು ಬೆಳಗಿನ ಕಾಫಿ ತಡವಾಯಿತೆಂದು ಗೊಣಗಿಕೊಂಡು ಮನೆ ಸೇರುತ್ತಿದ್ದರು. ತಾವು ಯಾವುದರಿಂದ ಪಾರಾದೆವೆಂಬುದು ಅವರಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ವಿವೇಕದ ದೌರ್ಭಾಗ್ಯವೇ ಇದು. ಅಪಾಯವು ನಡೆದರೆ ಎಲ್ಲರಿಗೂ ಕಾಣುತ್ತದೆ. ತಪ್ಪಿದ ಅಪಾಯವು ಯಾರಿಗೂ ಕಾಣುವುದಿಲ್ಲ, ಅದಕ್ಕಾಗಿ ತೆತ್ತ ತಡ ಮಾತ್ರ ಕಾಣುತ್ತದೆ. ಆದುದರಿಂದ ವಿವೇಕಕ್ಕೆ ಸಲ್ಲತಕ್ಕ ಕೃತಜ್ಞತೆಯು ಯಾವಾಗಲೂ ಬೈಗಳ ರೂಪದಲ್ಲಿಯೇ ಸಲ್ಲುತ್ತ ಬಂದಿದೆ.

ಈಗ ನಾನು ಕೂಗಿದ ಮಾತನ್ನು ಮತ್ತೆ ನೋಡೋಣ. ಒಬ್ಬನ ನಿದ್ದೆಗಾಗಿ ನೂರೆಂಬತ್ತು ಮಂದಿಯ ಕಾರ್ಯ ಕೆಡಬೇಕೆ ಎಂದಿದ್ದೆ. ಆ ನಿದ್ದೆಯು ಅವನೊಬ್ಬನದಲ್ಲ, ನೂರೆಂಬತ್ತು ಮಂದಿಯ ಪ್ರಾಣದ್ದು. ಅಂದು ನಾನು ಕೇಳಿದ್ದನ್ನು ಆ ಹುಡುಗಿ ಕೊಡಬಲ್ಲವಳಾಗಿದ್ದು, ಕೊಟ್ಟೂಬಿಟ್ಟಿದ್ದರೆ, ಅದು ನನಗೆ ಮಾಡಿದ ಉಪಕಾರವಾಗುತ್ತಿರಲಿಲ್ಲ. ನನ್ನ ದುಃಖವು ನಿಜವಾದದ್ದು; ಆದರೆ ದುಃಖವು ನಿಜವೆಂದ ಮಾತ್ರಕ್ಕೆ ಅದು ಕೇಳಿದ್ದೆಲ್ಲ ನ್ಯಾಯವಾಗುವುದಿಲ್ಲ. ಸಂಕಟದಲ್ಲಿರುವವನಿಗೆ ಈ ಮಾತು ಕಠಿಣವೆನಿಸುತ್ತದೆ. ನನಗೂ ಹಾಗೆಯೇ ಎನಿಸಿತು.

ಆದರೆ ಇಲ್ಲಿಗೆ ವಿಚಾರವನ್ನು ಮುಗಿಸಿದರೆ ನಾವು ಇನ್ನೊಂದು ತಪ್ಪಿಗೆ ಬೀಳುತ್ತೇವೆ. ಎಲ್ಲ ವಿಳಂಬವೂ ನಿಮ್ಮ ಕ್ಷೇಮಕ್ಕಾಗಿಯೇ ಎಂದು ಹೇಳಿ ತಮ್ಮ ಅಲಕ್ಷ್ಯವನ್ನು ಮುಚ್ಚಿಕೊಳ್ಳುವವರುಂಟು. ಇದಕ್ಕೆ 2025ರ ಡಿಸೆಂಬರ್ ತಿಂಗಳಲ್ಲಿ ನಡೆದುದೇ ಸಾಕ್ಷಿ. ಚಾಲಕರ ಆಯಾಸವನ್ನು ತಡೆಯಲೆಂದು ಸರ್ಕಾರವು ಹೊಸ ನಿಯಮಗಳನ್ನು ಮಾಡಿತ್ತು. ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿ, ಒಬ್ಬ ಚಾಲಕನು ರಾತ್ರಿಯಲ್ಲಿ ಮಾಡಬಹುದಾದ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸಿತ್ತು. ಈ ನಿಯಮಗಳು 2024ರ ಆರಂಭದಲ್ಲಿಯೇ ಪ್ರಕಟವಾಗಿದ್ದವು. ಜಾರಿಗೆ ಬಂದದ್ದು 2025ರ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ, ಎರಡು ಹಂತಗಳಾಗಿ. ಸಿದ್ಧವಾಗಲು ಕಾಲವಿರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಆದರೂ ದೇಶದ ಅತ್ಯಂತ ದೊಡ್ಡ ವಿಮಾನ ಸಂಸ್ಥೆಯಾದ ಇಂಡಿಗೋ ತಕ್ಕಷ್ಟು ಚಾಲಕರನ್ನು ಒದಗಿಸಿಕೊಂಡಿರಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಅದರ ವ್ಯವಸ್ಥೆಯೇ ಕುಸಿಯಿತು. 5ನೆಯ ತಾರೀಖು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು.

ಆ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಸಂಗತಿಯನ್ನು ವಾಚಕರು ವೃತ್ತಪತ್ರಿಕೆಗಳಲ್ಲಿ ಓದಿರಬಹುದು. ಭುವನೇಶ್ವರದಲ್ಲಿ ಮದುವೆಯಾಗಿದ್ದ ವಧೂವರರ ಆರತಕ್ಷತೆಯು ವಧುವಿನ ಊರಾದ ಹುಬ್ಬಳ್ಳಿಯಲ್ಲಿ ಗೊತ್ತಾಗಿತ್ತು. ಛತ್ರ ಸಿದ್ಧವಾಯಿತು, ಅಡಿಗೆ ಸಿದ್ಧವಾಯಿತು, ನೆಂಟರು ಬಂದರು. ವಧೂವರರು ಮಾತ್ರ ಬರಲಾಗಲಿಲ್ಲ. ಕಡೆಗೆ ಅವರು ಇದ್ದಲ್ಲಿಯೇ ಅಲಂಕರಿಸಿಕೊಂಡು ತೆರೆಯ ಮೇಲೆ ಕಾಣಿಸಿಕೊಂಡರು. ಅವರಿಗಾಗಿ ಇಟ್ಟಿದ್ದ ಆಸನಗಳಲ್ಲಿ ವಧುವಿನ ತಾಯಿತಂದೆಗಳು ಕುಳಿತರು. ಇದನ್ನು ಓದಿ ನಕ್ಕವರೂ ಉಂಟು. ನನಗೆ ನಗು ಬರಲಿಲ್ಲ. ಮಗಳಿಗೆಂದು ಹಾಸಿದ ಪೀಠದಲ್ಲಿ ತಾನು ಕುಳಿತು ನೆಂಟರಿಗೆ ಕೈಮುಗಿಯಬೇಕಾದ ತಾಯಿಯ ಮನಸ್ಸನ್ನು ಯಾವ ಹಣವು ತುಂಬಿಕೊಡಬಲ್ಲದು?

ಇಲ್ಲಿ ಕೋಪವು ನ್ಯಾಯವಾದದ್ದೇ. ಆದರೆ ಎಲ್ಲಿ ತಪ್ಪಾಯಿತೆಂಬುದನ್ನು ಸರಿಯಾಗಿ ಗುರುತಿಸಬೇಕು. ಡಿಸೆಂಬರ್ 3ರಂದು ಚಾಲಕನೊಬ್ಬನು ಮಲಗಿದ್ದು ತಪ್ಪಲ್ಲ. ಎಷ್ಟೋ ತಿಂಗಳ ಹಿಂದೆ, ತಣ್ಣನೆಯ ಕೊಠಡಿಯಲ್ಲಿ ಲೆಕ್ಕ ಹಾಕಿದವರು ಆ ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ತಪ್ಪು. ಕೊಡಲಾರದ ಸ್ಥಳಗಳನ್ನು ಮಾರಿದ್ದು ತಪ್ಪು. ಜನರ ಗೋಳು ಹೆಚ್ಚಿದಾಗ ಆದ ಪರಿಹಾರವೇನು? ರಾತ್ರಿಯ ಕೆಲಸವನ್ನು ಕುರಿತ ಕೆಲವು ವಿಧಿಗಳಿಂದಲೇ ಆ ಸಂಸ್ಥೆಗೆ ತಾತ್ಕಾಲಿಕವಾಗಿ ವಿನಾಯಿತಿ ದೊರೆಯಿತು. ಅಂದರೆ ಕೂಗಿದವರ ಕೋಪವು ತಪ್ಪುಮಾಡಿದವರನ್ನು ಮುಟ್ಟುವುದಕ್ಕೆ ಮುಂಚೆ ದಣಿದವರ ವಿಶ್ರಾಂತಿಯನ್ನು ಮುಟ್ಟಿತು. ಗುರಿಯಿಲ್ಲದ ಕೋಪದಿಂದಾಗುವ ಹಾನಿ ಇದು. ನಾನೊಬ್ಬನೇ ಕೌಂಟರಿನಲ್ಲಿ ಕೂಗಿದ್ದನ್ನು ಇಲ್ಲಿ ದೇಶವೇ ಕೂಗಿತೆಂದು ನನಗೆ ತೋರಿತು.

ಹಾಗಾದರೆ ಕಾಯುವವನಿಗೆ ಸಂಸ್ಥೆಯಿಂದ ಸಲ್ಲತಕ್ಕದ್ದೇನು? ಹೊತ್ತು ಮೀರಿದರೆ ಊಟ ಉಪಾಹಾರ, ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನ ಇಲ್ಲವೆ ಪೂರ್ಣ ಹಣ, ಸಕಾಲದಲ್ಲಿ ತಿಳಿಸದೆ ರದ್ದುಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ 5,000 ರೂಪಾಯಿಗಳಿಂದ 10,000 ರೂಪಾಯಿಗಳ ಮಿತಿಯೊಳಗೆ ಪರಿಹಾರ, ಇವೆಲ್ಲವೂ ನಮ್ಮ ದೇಶದ ನಿಯಮಗಳಲ್ಲಿ ಉಂಟು. ಮಂಜು, ಬಿರುಗಾಳಿ ಮೊದಲಾದ ಕೈಮೀರಿದ ಕಾರಣಗಳಿದ್ದರೆ ಪರಿಹಾರದ ಹಣವಿಲ್ಲ, ಅದು ನ್ಯಾಯವೇ. ಇವನ್ನು ತಿಳಿದುಕೊಂಡು ಕೇಳುವುದು ಜಗಳಗಂಟತನವಲ್ಲ. ಕೊಡದಿದ್ದರೆ ವಿಮಾನಯಾನ ಇಲಾಖೆಗೆ ಬರೆಯಬಹುದು. ಜಿಲ್ಲೆಯ ಗ್ರಾಹಕ ಆಯೋಗದ ಬಾಗಿಲು ನಮ್ಮ ಮೈಸೂರಿನಲ್ಲಿಯೇ ಇದೆ. ಒಂದು ದಿನ ಕೂಗಿ ಮರುದಿನ ಮರೆಯುವುದಕ್ಕಿಂತ, ಶಾಂತವಾಗಿ ಕುಳಿತು ಬರೆದ ಒಂದು ಅರ್ಜಿಯು ಮುಂದಿನವರಿಗೆ ಹೆಚ್ಚು ಉಪಯುಕ್ತ. ಸಾತ್ವಿಕನು ಎಲ್ಲವನ್ನೂ ಸಹಿಸಿಕೊಳ್ಳಬೇಕೆಂಬ ಅಭಿಪ್ರಾಯ ನನಗಿಲ್ಲ. ಅದರಿಂದ ಅಲಕ್ಷ್ಯಕ್ಕೆ ಪೋಷಣೆಯಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾಗಿ ಸಲ್ಲತಕ್ಕದ್ದು ಸತ್ಯ. "ಇನ್ನು ಅರ್ಧ ಗಂಟೆ" ಎಂದು ಆರು ಬಾರಿ ಹೇಳುವುದು ಮೂರು ಗಂಟೆಯ ತಡವಲ್ಲ, ಆರು ಅಸತ್ಯಗಳು. ಮೂರು ಗಂಟೆಯೆಂದು ಮೊದಲೇ ಹೇಳಿದ್ದರೆ ಒಬ್ಬನು ರೈಲಿಗೆ ಹೋಗುತ್ತಿದ್ದನು, ಇನ್ನೊಬ್ಬನು ಮನೆಗೆ ಹಿಂದಿರುಗುತ್ತಿದ್ದನು, ಮತ್ತೊಬ್ಬನು ಫೋನಿನಲ್ಲಾದರೂ ಆಡಬೇಕಾದ ಮಾತನ್ನು ಆಡಿಬಿಡುತ್ತಿದ್ದನು. ನಾನು ಆ ದಿನ, ಇನ್ನೇನು ಹೋಗಿಬಿಡುತ್ತೇನಲ್ಲ ಎಂದು, ಅಕ್ಕನ ಕಿವಿಗೆ ಫೋನು ಹಿಡಿಯೆಂದು ಅಳಿಯನಿಗೆ ಹೇಳಲಿಲ್ಲ. ಅರ್ಧ ಗಂಟೆಗಳ ಆಸೆಯಲ್ಲಿ ಇಡೀ ದಿನ ಕಳೆಯಿತು. ಸಂಸ್ಥೆಯವರನ್ನು ನಾನು ಇಂದಿಗೂ ಕ್ಷಮಿಸದಿರುವುದು ಇದೊಂದಕ್ಕೆ ಮಾತ್ರ. ಅದರಲ್ಲಿಯೂ ಅರ್ಧ ನನ್ನದೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ಕಾಯುವವರು ಪರಸ್ಪರ ಸಲ್ಲಿಸಬೇಕಾದದ್ದೇನೆಂಬ ವಿಚಾರ. ಸಾಲಿನ ನ್ಯಾಯವೊಂದುಂಟು: ಮೊದಲು ಬಂದವನಿಗೆ ಮೊದಲು. ಅದು ಒಳ್ಳೆಯ ನ್ಯಾಯ. ಬಲಿಷ್ಠನೂ ದುರ್ಬಲನೂ ಅದರಲ್ಲಿ ಸಮಾನರು. ಆದರೆ ಅವಸರಗಳು ಸಮಾನವಲ್ಲ. ಒಬ್ಬನು ವಿಹಾರಕ್ಕೆ ಹೋಗುತ್ತಿರುತ್ತಾನೆ, ಒಬ್ಬಳು ಪರೀಕ್ಷೆಗೆ ಹೋಗುತ್ತಿರುತ್ತಾಳೆ, ಒಬ್ಬನು ಹೆಣದ ಮುಂದೆ ನಿಲ್ಲಲು ಹೋಗುತ್ತಿರುತ್ತಾನೆ. ಅವಸರದ ನ್ಯಾಯವನ್ನು ನಿಯಮಗಳು ಮಾಡಲಾರವು. ಅದನ್ನು ಮನುಷ್ಯರೇ ಮಾಡಬೇಕು. ಅದಕ್ಕೆ ಅವರಿಗೆ ವಿಷಯ ತಿಳಿದಿರಬೇಕು. ಆ ರಾತ್ರಿ ವಸತಿಗೃಹದಲ್ಲಿ ನನ್ನ ಪಕ್ಕದಲ್ಲಿ ಊಟಕ್ಕೆ ಕುಳಿತ ತರುಣನೊಬ್ಬನು ಮಾತಿಗೆ ಮಾತು ಬಂದು ನನ್ನ ಅಕ್ಕನ ವಿಷಯ ಕೇಳಿ, ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟನು. "ಆ ಎರಡು ಸೀಟಿನಲ್ಲಿ ಒಂದು ನನ್ನ ಗೆಳೆಯನಿಗೆ ಸಿಕ್ಕಿತು. ಅವನು ಸುಮ್ಮನೆ ಊರು ನೋಡಲು ಹೊರಟವನು. ತಾವು ಒಂದು ಮಾತು ಹೇಳಿದ್ದರೆ ಬಿಟ್ಟುಕೊಡುತ್ತಿದ್ದ ಸಾರ್" ಎಂದನು.

ತುರ್ತು ಏನೆಂದು ಆ ಹುಡುಗಿ ಕೇಳಿದ್ದು ಬಹುಶಃ ಇದಕ್ಕಾಗಿಯೇ. ನಾನು ಎಲ್ಲರಂತೆಯೇ ಕೂಗಿದೆ. ಎಲ್ಲರಂತೆಯೇ ಕೂಗಿದ್ದರಿಂದ ಎಲ್ಲರಲ್ಲಿ ಒಬ್ಬನಾದೆ. ಕೋಪವು ನನ್ನ ದುಃಖವನ್ನು ಹೊರಗೆ ತೋರಿಸುತ್ತಿದೆಯೆಂದು ನಾನು ತಿಳಿದಿದ್ದೆ. ಅದು ದುಃಖವನ್ನು ಮರೆಮಾಡುತ್ತಿತ್ತು. ಬಾಯಿ ತೆರೆದು, "ಅಮ್ಮಾ, ನನ್ನ ಅಕ್ಕ ಸಾಯುತ್ತಿದ್ದಾಳೆ" ಎನ್ನಲು ಅಭಿಮಾನ ಅಡ್ಡಬಂದಿತು. ತಲಕಾಡಿನ ಮಂಟಪದಲ್ಲಿ ಕುಳಿತವರು ಬುತ್ತಿಯೊಡನೆ ಕಷ್ಟವನ್ನೂ ಬಿಚ್ಚುತ್ತಿದ್ದರು; ಹೊಳೆ ಇಳಿದಾಗ ಮೊದಲ ಹರಿಗೋಲಿನಲ್ಲಿ ಯಾರು ಹೋಗಬೇಕೆಂಬುದು ಅವರಿಗೆ ಹೇಳದೆಯೇ ತಿಳಿದಿರುತ್ತಿತ್ತು.

ಇಷ್ಟು ವಿಚಾರದಿಂದ ನಡೆವಳಿಕೆಗೆ ಸಂಬಂಧಿಸಿದ ಒಂದೆರಡು ಮಾತುಗಳು ತಾವಾಗಿಯೇ ಹೊರಡುತ್ತವೆ. ಕಳೆದರೆ ಮತ್ತೆ ಬಾರದಂಥ ಕಾರ್ಯಕ್ಕೆ, ಅಂದರೆ ಮುಹೂರ್ತಕ್ಕೆ, ಪರೀಕ್ಷೆಗೆ, ಶಸ್ತ್ರಚಿಕಿತ್ಸೆಗೆ ಹೋಗತಕ್ಕವನು ಅದೇ ದಿನದ ವಿಮಾನವನ್ನು ನಂಬಬಾರದು. ಒಂದು ದಿನವನ್ನು ದಾರಿಗೆ ಕಾಣಿಕೆಯಾಗಿ ಕೊಟ್ಟೇ ಹೊರಡಬೇಕು. ಔಷಧ, ಹೊದಿಕೆ, ಎರಡು ಹೊತ್ತಿನ ತಿಂಡಿ ಕೈಚೀಲದಲ್ಲಿರಬೇಕು. ಮಂಜಿನ ತಿಂಗಳುಗಳಲ್ಲಿ ಬೆಳಗಿನ ಪ್ರಯಾಣವನ್ನು ಆದಷ್ಟು ಬಿಡಬೇಕು. ಸಾವು ಮಾತ್ರ ಇಂಥ ಏರ್ಪಾಡುಗಳಿಗೆ ಅವಕಾಶ ಕೊಡುವುದಿಲ್ಲ. ಅಲ್ಲಿ ಮನುಷ್ಯರ ದಯೆಯೊಂದೇ ಗತಿ, ಆ ದಯೆಯನ್ನು ಕೇಳಿ ಪಡೆಯಬೇಕು.

ಅಕ್ಕನ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಅಳಿಯನೆದುರಿಗೆ ಮತ್ತೆ ವಿಮಾನದವರನ್ನು ಬೈದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: "ಮಾವ, ಸಂಜೆ ಅಮ್ಮ ಕೇಳಿದಳು, ತಮ್ಮ ಬಂದನೇ ಎಂದು. ಇಲ್ಲಿ ತುಂಬ ಮಂಜು ಬಿದ್ದಿದೆ, ತಡವಾಗುತ್ತದೆ ಎಂದೆ. ಅವಳು, ಮಂಜಿನಲ್ಲಿ ಬರುವುದು ಬೇಡ, ಬೆಳಕಾದ ಮೇಲೆ ಬರಲಿ ಎಂದಳು."

ನಾನು ಕೌಂಟರಿನಲ್ಲಿ ಯಾರ ಹೆಸರಿನಲ್ಲಿ ಕೂಗಾಡಿದೆನೋ ಅವಳ ತೀರ್ಪು ಇದಾಗಿತ್ತು. ಅದಕ್ಕೆ ನಾನು ಸೇರಿಸಬಹುದಾದದ್ದು ಯಾವುದೂ ಇಲ್ಲ. ಆ ಹುಡುಗಿಯ ಹೆಸರನ್ನು ಅಂದು ಕೇಳಿಕೊಳ್ಳಲಿಲ್ಲವಾದ್ದರಿಂದ ಅವಳಿಗೆ ಸಲ್ಲತಕ್ಕ ಕ್ಷಮಾಪಣೆಯು ಇನ್ನೂ ನನ್ನಲ್ಲಿಯೇ ಉಳಿದಿದೆ. ಈಗ ಎಲ್ಲಿಯಾದರೂ ಪ್ರಯಾಣ ನಿಂತು ಜನ ಕೌಂಟರನ್ನು ಮುತ್ತಿದಾಗ, ನಾನು ಸಾಲಿನಲ್ಲಿ ನಿಂತು ನನ್ನ ಹಿಂದಿರುವವರನ್ನು ಒಂದು ಮಾತು ಕೇಳುತ್ತೇನೆ: "ತಮ್ಮದು ಏನು ತುರ್ತು?"